ಎಷ್ಟನೆಯ ಅಕ್ಷರ?

ಸಿ ಭಾಷೆಯಲ್ಲಿ ಒಂದು ಪದವನ್ನು ಅಕ್ಷರ ಅಕ್ಷರವಾಗಿ ಓದಬೇಕಾದರೆ ಮೊದಲು ಕೈಗೆ ಸಿಗುವುದು ಸ್ಥಾನ. ಐ ಎಂಬ ವೇರಿಯೆಬಲ್ಲಿಗೆ ಸೊನ್ನೆ ಕೊಟ್ಟು, ಅದನ್ನು ಒಂದೊಂದೇ ಹೆಚ್ಚಿಸುತ್ತ, ಆ ಜಾಗದಲ್ಲಿ ಏನಿದೆ ಎಂದು ಪ್ರತಿ ಸಲವೂ ಕೇಳಬೇಕು. ಕೊನೆಯಲ್ಲಿ ಕೂತಿರುವ ಶೂನ್ಯಚಿಹ್ನೆ ಎದುರಾದಾಗ ನಿಲ್ಲಬೇಕು. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ಟರ್ಬೊ ಸಿಯ ನೀಲಿ ಪರದೆಯ ಮುಂದೆ ನಾವೆಲ್ಲ ಕಲಿತದ್ದು ಇದನ್ನೇ. ಬೆಂಗಳೂರಿಗೆ ಬಂದು ಪೈಥಾನ್ ಹಿಡಿದಾಗ ಲೆಕ್ಕ ತಿರುವುಮುರುವಾಯಿತು. ಪೈಥಾನಿನ ಫಾರ್ ಲೂಪ್ ಅಕ್ಷರವನ್ನೇ ಎತ್ತಿ ಕೊಡುತ್ತದೆ. ಅದು ಎಷ್ಟನೆಯದು ಎಂದು ಹೇಳುವುದಿಲ್ಲ.

ಎರಡೂ ಬೇಕಾದವರು ಆಗ ಸುತ್ತುಬಳಸಿ ಹೋಗುತ್ತಿದ್ದರು. ಸಾಲಿನ ಉದ್ದ ಅಳೆದು, ಅಷ್ಟು ಸಂಖ್ಯೆಗಳ ರೇಂಜ್ ಮಾಡಿ, ಆ ಸಂಖ್ಯೆಗಳ ಮೇಲೆ ನಡೆದು, ಮತ್ತೆ ಸಾಲಿನೊಳಗೆ ಕೈಹಾಕಿ ಅಕ್ಷರ ತೆಗೆಯುವುದು. ಅಂದರೆ ಪೈಥಾನಿನಲ್ಲಿ ಸಿ ಬರೆಯುವುದು. 2003ರಲ್ಲಿ ಬಂದ ಪೈಥಾನ್ 2.3 ಇದಕ್ಕೊಂದು ದಾರಿ ಮಾಡಿತು. ರೇಮಂಡ್ ಹೆಟಿಂಗರ್ ಬರೆದ ಪ್ರಸ್ತಾವ, ಪೆಪ್ 279, ಎನ್ಯೂಮರೇಟ್ ಎಂಬ ಪುಟ್ಟ ಫಂಕ್ಷನ್ನನ್ನು ಭಾಷೆಯೊಳಕ್ಕೇ ತಂದಿತು. ಫಾರ್ ಸ್ಥಾನ, ಅಕ್ಷರ ಇನ್ ಎನ್ಯೂಮರೇಟ್ ಸಾಲು ಎಂದು ಬರೆದರೆ ಮುಗಿಯಿತು. ಪ್ರತಿ ಸುತ್ತಿನಲ್ಲೂ ಸಂಖ್ಯೆ ಮತ್ತು ಅಕ್ಷರ ಜೋಡಿಯಾಗಿ ಬರುತ್ತವೆ. ಜೋಡಿಗಳನ್ನೆಲ್ಲ ಅದು ಮೊದಲೇ ಮಾಡಿಟ್ಟುಕೊಂಡಿರುವುದಿಲ್ಲ, ಕೇಳಿದಂತೆಲ್ಲ ಒಂದೊಂದಾಗಿ ಹೊಂದಿಸಿ ಕೊಡುತ್ತದೆ. ಈ ಗುಣ ನನಗೆ ಮುಂದೆ ಬೇರೆಯೇ ಸಂದರ್ಭದಲ್ಲಿ ಮುಖ್ಯವಾಯಿತು.

ನನ್ನ ಕೆಲಸದಲ್ಲಿ ಇದರ ಬಳಕೆ ತೀರಾ ಸಾಧಾರಣವಾದದ್ದು. ಯಂತ್ರಗಳು ಕಳಿಸುವ ಉದ್ದನೆಯ ಸಾಲುಗಳಲ್ಲಿ ಇರಬಾರದ ಚಿಹ್ನೆ ಎಲ್ಲಿದೆ ಎಂದು ಹುಡುಕುವುದು, ಸಾಲಿನ ಸಂಖ್ಯೆ ಮತ್ತು ಜಾಗದ ಸಂಖ್ಯೆಯನ್ನು ಬರೆದಿಡುವುದು. ಎಲ್ಲವೂ ಇಂಗ್ಲಿಷಿನ ಅಕ್ಷರಗಳೇ ಆದ್ದರಿಂದ ಅಕ್ಷರ ಎಂದರೇನು ಎಂಬ ಪ್ರಶ್ನೆ ಏಳಲೇ ಇಲ್ಲ. ಅದು ಎದ್ದದ್ದು ಸಾಗರದ ಕಡೆಯ ಊರಿನಿಂದ ನನ್ನ ಹೈಸ್ಕೂಲಿನ ಕನ್ನಡ ಮೇಷ್ಟ್ರು ಫೋನ್ ಮಾಡಿದ ಮೇಲೆ.

ನಿವೃತ್ತರಾದ ಮೇಲೆ ಅವರು ತಮ್ಮ ಅಜ್ಜ ಬರೆದಿಟ್ಟಿದ್ದ ಒಂದು ಸ್ಥಳಪುರಾಣವನ್ನು ಅಚ್ಚಿಗೆ ಸಿದ್ಧ ಮಾಡುತ್ತಿದ್ದರು. ಹೊಲಿಗೆ ಬಿಟ್ಟ ನೋಟುಪುಸ್ತಕ, ಇದ್ದಿಲಿನಂಥ ಕಪ್ಪು ಶಾಯಿ, ಉದ್ದಕ್ಕೂ ಭಾಮಿನೀ ಷಟ್ಪದಿ. ಪೇಟೆಯಲ್ಲಿ ಡಿ.ಟಿ.ಪಿ. ಮಾಡುವವರೊಬ್ಬರು ಅದನ್ನು ಟೈಪು ಮಾಡಿ ಕೊಟ್ಟಿದ್ದರು. ಮೇಷ್ಟ್ರಿಗೆ ಕಣ್ಣಿನ ಪೊರೆಯ ತೊಂದರೆ. ಕರಡು ತಿದ್ದುವುದು ಕಷ್ಟವಾಗಿತ್ತು. "ನೀನು ಕಂಪ್ಯೂಟರಿನವಳಲ್ವೇನೆ, ಮಾತ್ರೆ ಎಣಿಸುವ ಉಪಾಯ ಏನಾದರೂ ಉಂಟಾ ನೋಡು ಮಾರಾಯ್ತಿ" ಎಂದರು. ನಾನು "ನೋಡ್ತೀನಿ ಸರ್" ಎಂದೆ. ಎಂಟನೆಯ ತರಗತಿಯಲ್ಲಿ ಅವರೇ ಕಲಿಸಿದ್ದ ಛಂದಸ್ಸು ತಲೆಯಲ್ಲಿ ಅಚ್ಚೊತ್ತಿದಂತೆ ಉಳಿದಿತ್ತು.

ಭಾಮಿನಿಯ ಲೆಕ್ಕ ಗೊತ್ತಿರುವವರಿಗೆ ಹೊಸದಲ್ಲ. ಆರು ಸಾಲು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕರ ಗಣಗಳಾಗಿ ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ಮೂರು ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ಇಡೀ ಪದ್ಯಕ್ಕೆ 102 ಮಾತ್ರೆ. ಕುಮಾರವ್ಯಾಸ ತನ್ನ ಭಾರತವನ್ನು ನಡೆಸಿದ್ದು ಈ ನಡೆಯಲ್ಲೇ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ದೀರ್ಘವಿದ್ದರೆ, ಸೊನ್ನೆ ಅಥವಾ ವಿಸರ್ಗ ಇದ್ದರೆ, ಮುಂದೆ ಒತ್ತಕ್ಷರ ಬಂದರೆ, ವ್ಯಂಜನದಲ್ಲಿ ಮುಗಿದರೆ ಗುರು, ಎರಡು ಮಾತ್ರೆ. ನಿಯಮಗಳು ಇಷ್ಟು ಸ್ಪಷ್ಟವಾಗಿರುವಾಗ ಯಂತ್ರಕ್ಕೆ ಹೇಳಿಕೊಡುವುದು ಸುಲಭ ಎಂದು ಯಾರಿಗಾದರೂ ಅನ್ನಿಸುತ್ತದೆ.

ಮೊದಲು ಕನ್ನಡ ಎಂಬ ಪದವನ್ನೇ ಲೂಪಿಗೆ ಕೊಟ್ಟೆ. ಆಫೀಸಿನಲ್ಲಿ ಇನ್ನೂ ಇದ್ದ ಹಳೆಯ ಪೈಥಾನ್ 2 ಅದನ್ನು 15 ತುಂಡು ಮಾಡಿತು. ಅದು ಸಾದಾ ಸ್ಟ್ರಿಂಗನ್ನು ಬೈಟುಗಳ ಸಾಲೆಂದೇ ನೋಡುತ್ತಿತ್ತು, ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟು. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಸ್ಟ್ರಿಂಗ್ ಎಂದರೆ ಯೂನಿಕೋಡ್ ಚಿಹ್ನೆಗಳ ಸಾಲು ಎಂದು ತೀರ್ಮಾನಿಸಿತು. ಅದರಲ್ಲಿ ಅದೇ ಪದ ಐದು. ಸೊನ್ನೆಯಲ್ಲಿ ಕ, ಒಂದರಲ್ಲಿ ನ, ಎರಡರಲ್ಲಿ ಹಲಂತದ ಚಿಹ್ನೆ, ಮೂರರಲ್ಲಿ ಮತ್ತೆ ನ, ನಾಲ್ಕರಲ್ಲಿ ಡ. ಮೇಷ್ಟ್ರನ್ನು ಕೇಳಿದ್ದರೆ ಮೂರು ಎನ್ನುತ್ತಿದ್ದರು. ಸ್ತ್ರೀ ಎಂಬ ಒಂದೇ ಅಕ್ಷರದ ಪದ ಪೈಥಾನ್ 3ರಲ್ಲಿ ಆರು, ಪೈಥಾನ್ 2ರಲ್ಲಿ 18. ಇವುಗಳಲ್ಲಿ ಯಾವ ಎಣಿಕೆಯೂ ಸುಳ್ಳಲ್ಲ. ಬೈಟು ತಂತಿಯ ಮೇಲೆ ಕಳಿಸುವವರ ಲೆಕ್ಕ, ಚಿಹ್ನೆ ಶೇಖರಿಸಿಡುವವರ ಲೆಕ್ಕ, ಅಕ್ಷರ ಬಾಯಿಬಿಟ್ಟು ಓದುವವರ ಲೆಕ್ಕ. ಆದರೆ ಎಷ್ಟನೆಯದು ಎಂದು ಕೇಳುವ ಮೊದಲು ಏನನ್ನು ಎಣಿಸುತ್ತಿದ್ದೇವೆ ಎಂದು ಗಟ್ಟಿಮಾಡಿಕೊಳ್ಳಲೇಬೇಕು. ಕನ್ನಡದ ಛಂದಶ್ಶಾಸ್ತ್ರ ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯಲ್ಲೇ ಆ ತೀರ್ಮಾನವನ್ನು ಇಟ್ಟುಕೊಂಡು ಹೊರಟಿದೆ. ಪೈಥಾನಿನಲ್ಲಿ ಅದು ಇಲ್ಲ, ಇರಬೇಕೆಂದೂ ಇಲ್ಲ. ಅದನ್ನು ಅದರ ಮೇಲೆ ನಾವೇ ಕಟ್ಟಬೇಕು.

ಕಟ್ಟುವುದಕ್ಕೂ ಎನ್ಯೂಮರೇಟೇ ಸಾಧನ. ಚಿಹ್ನೆಗಳ ಮೇಲೆ ಸ್ಥಾನಸಮೇತ ನಡೆಯುವುದು. ಸ್ವರವೋ ವ್ಯಂಜನವೋ ಎದುರಾದರೆ ಹಿಂದಿನ ಸ್ಥಾನದಲ್ಲಿ ಹಲಂತ ಇದೆಯೇ ಎಂದು ತಿರುಗಿ ನೋಡುವುದು. ಇಲ್ಲದಿದ್ದರೆ ಇಲ್ಲಿಂದ ಹೊಸ ಅಕ್ಷರ ಶುರು. ಆ ಸ್ಥಾನವನ್ನು ಬರೆದಿಟ್ಟುಕೊಳ್ಳುವುದು. ಇದ್ದರೆ ಅದು ಒತ್ತು, ಹಿಂದಿನದಕ್ಕೇ ಸೇರಬೇಕು. ಇಳಿ, ಗುಡಿಸು, ಕೊಂಬು, ಸೊನ್ನೆ, ಇವೆಲ್ಲ ತಾವಾಗಿ ನಿಲ್ಲುವವಲ್ಲ, ಹಿಂದಿನದರ ಬೆನ್ನಿಗೆ ಅಂಟುವವು. ಪದದ ಕೊನೆಯ ನ್, ಲ್, ರ್ ಗಳಿಗೆ ಸ್ವರವೇ ಇಲ್ಲದ್ದರಿಂದ ಅವೂ ಹಿಂದಿನ ಅಕ್ಷರಕ್ಕೆ ಸಲ್ಲುತ್ತವೆ, ಅದನ್ನು ಗುರು ಮಾಡುತ್ತವೆ. ಹೀಗೆ ಚಿಹ್ನೆಗಳ ಸಾಲಿನಿಂದ ಅಕ್ಷರಗಳ ಪಟ್ಟಿಯೊಂದು ಹುಟ್ಟಿತು. ಇನ್ನು ಮುಂದೆ ಎನ್ಯೂಮರೇಟ್ ನಡೆಯಬೇಕಾದದ್ದು ಈ ಪಟ್ಟಿಯ ಮೇಲೆ. ಶಾಸ್ತ್ರ ಎಂಬುದು ಏಳು ಹೋಗಿ ಎರಡಾಯಿತು. ಆ ಸಂಜೆ ಮೇಷ್ಟ್ರಿಗೆ ಫೋನ್ ಮಾಡಿ ಇಷ್ಟನ್ನು ಹೇಳಿದಾಗ ಅವರಿಗೆ ಅದರಲ್ಲೇನು ದೊಡ್ಡ ವಿಷಯವೆಂದು ತಿಳಿಯಲಿಲ್ಲ. ಮೊದಲಿಂದಲೂ ಅದು ಎರಡೇ ಅಲ್ಲವೇ ಎಂದರು.

ಲಘು ಗುರುವಿನ ವಿಚಾರಕ್ಕೆ ಬಂದಾಗ ಇನ್ನೊಂದು ಸಂಗತಿ ಕಂಡಿತು, ನನಗೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಒಂದು ಅಕ್ಷರದ ತೂಕ ಆ ಅಕ್ಷರದೊಳಗೆ ಪೂರ್ತಿ ಇರುವುದಿಲ್ಲ. ಧರ್ಮದ ಧ ತನ್ನಷ್ಟಕ್ಕೆ ಲಘು. ಮುಂದೆ ರ್ಮ ಕೂತಿರುವುದರಿಂದ ಗುರು. ಧನದ ಧ ಲಘುವಾಗಿಯೇ ಉಳಿಯುತ್ತದೆ. ಅಂದಮೇಲೆ ಎಡದಿಂದ ಬಲಕ್ಕೆ ನಡೆಯುವ ಲೂಪು ಯಾವಾಗಲೂ ಮುಂದಿನ ಮನೆಯನ್ನು ಇಣುಕಿ ನೋಡುತ್ತಿರಬೇಕು, ಕೊನೆಯ ಅಕ್ಷರದಲ್ಲಿ ಇಣುಕಲು ಮನೆಯೇ ಇಲ್ಲ ಎಂಬುದನ್ನೂ ನೆನಪಿಡಬೇಕು. ಬಲದಿಂದ ಎಡಕ್ಕೆ ನಡೆದರೆ ಈ ತೊಡಕಿಲ್ಲ. ಮುಂದಿನದರ ಗುಣ ಆಗಲೇ ತಿಳಿದಿರುತ್ತದೆ. ಆದರೆ ಎನ್ಯೂಮರೇಟ್ ಕೊಡುವುದನ್ನು ನೇರವಾಗಿ ತಿರುಗಿಸಲು ಪೈಥಾನ್ ಒಪ್ಪುವುದಿಲ್ಲ. ಜೋಡಿಗಳನ್ನು ಕೇಳಿದಂತೆಲ್ಲ ಹೊಂದಿಸುವ ಫಂಕ್ಷನ್ನಿಗೆ ಕೊನೆಯದು ಯಾವುದೆಂದು ಹೇಗೆ ಗೊತ್ತಾಗಬೇಕು? ಜೋಡಿಗಳನ್ನೆಲ್ಲ ಮೊದಲು ಪಟ್ಟಿ ಮಾಡಿ, ಆಮೇಲೆ ರಿವರ್ಸ್ಡ್‌ಗೆ ಕೊಡಬೇಕು. ಹಾಗೆ ಮಾಡಿದಾಗ ಸ್ಥಾನಗಳು ತಮ್ಮ ಮೂಲ ಸಂಖ್ಯೆಯನ್ನೇ ಹೊತ್ತುಕೊಂಡು ಹಿಂದುಮುಂದಾಗಿ ಬರುತ್ತವೆ. ನಮಗೆ ಬೇಕಾದದ್ದೂ ಅದೇ.

ಇನ್ನೊಂದು ಮಾತು ಷಟ್ಪದಿಗೇ ವಿಶೇಷವಾದದ್ದು. ಇಲ್ಲಿ ಸಾಲು ಮುಗಿದಲ್ಲಿ ಪದ ಮುಗಿಯಬೇಕೆಂದಿಲ್ಲ. ಮಾತು ಸಾಲನ್ನು ದಾಟಿ ಹರಿಯುತ್ತದೆ, ಮುಂದಿನ ಸಾಲಿನ ಮೊದಲ ಒತ್ತಕ್ಷರ ಹಿಂದಿನ ಸಾಲಿನ ಕೊನೆಯ ಲಘುವನ್ನು ಗುರು ಮಾಡಬಲ್ಲದು. ಸಾಲು ಸಾಲಾಗಿ ಎಣಿಸುವ ಪ್ರೋಗ್ರಾಮು ಇದನ್ನು ಕಾಣಲಾರದು. ಪದ್ಯವನ್ನು ಒಂದೇ ಹರಿವಾಗಿ ಓದಿ, ಪ್ರತಿ ಅಕ್ಷರದ ಜೊತೆಗೆ ಅದು ಯಾವ ಪದ್ಯದ, ಯಾವ ಸಾಲಿನ, ಎಷ್ಟನೆಯದು ಎಂಬ ಮೂರು ಸಂಖ್ಯೆಗಳನ್ನೂ ಕಟ್ಟಿ ಕಳಿಸಬೇಕಾಯಿತು. ಒಂದರೊಳಗೊಂದು ಮೂರು ಎನ್ಯೂಮರೇಟ್.

ಈ ಸಂಖ್ಯೆಗಳು ಎಲ್ಲಿಂದ ಶುರುವಾಗಬೇಕು ಎಂಬುದು ಮೇಷ್ಟ್ರ ಆಕ್ಷೇಪ. ನಾನು ಕಳಿಸಿದ ಮೊದಲ ಪಟ್ಟಿಯಲ್ಲಿ ಪದ್ಯ ಸೊನ್ನೆ, ಸಾಲು ಸೊನ್ನೆ ಎಂದಿತ್ತು. "ಸೊನ್ನೆಯನೇ ಪದ್ಯ ಅಂದರೆ ಎಂಥದ್ದು? ಅಜ್ಜ ಬರೆಯದೇ ಬಿಟ್ಟದ್ದಾ?" ಎಂದು ಕೇಳಿದರು. ಇದಕ್ಕೆ ಎನ್ಯೂಮರೇಟಿನಲ್ಲೇ ಉತ್ತರವಿದೆ. 2008ರ ಪೈಥಾನ್ 2.6ರಿಂದ ಅದಕ್ಕೆ ಸ್ಟಾರ್ಟ್ ಎಂಬ ಇನ್ನೊಂದು ಮಾತು ಹೇಳಬಹುದು. ಒಂದು ಎಂದರೆ ಎಣಿಕೆ ಒಂದರಿಂದ ಶುರು. ಆದರೆ ಬದಲಾಗುವುದು ಎಣಿಕೆ ಮಾತ್ರ. ಸ್ಟ್ರಿಂಗಿನ ಒಳಗಿನ ಜಾಗ ಸೊನ್ನೆಯಿಂದಲೇ ಇರುತ್ತದೆ, ಹೊಸ ಸಂಖ್ಯೆಯನ್ನು ಹಿಡಿದು ಒಳಗೆ ಕೈಹಾಕಿದರೆ ಪಕ್ಕದ ಅಕ್ಷರ ಸಿಗುತ್ತದೆ. ಓದುವವರಿಗೆ ಒಂದರಿಂದ, ಯಂತ್ರಕ್ಕೆ ಸೊನ್ನೆಯಿಂದ ಎಂದು ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಇಟ್ಟುಕೊಳ್ಳುವುದು ಕ್ಷೇಮ.

ಸೊನ್ನೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1982ರಲ್ಲಿ ಕೈಬರಹದ ಪುಟ್ಟ ಟಿಪ್ಪಣಿಯೊಂದರಲ್ಲಿ ಎಣಿಕೆ ಸೊನ್ನೆಯಿಂದ ಏಕೆ ಶುರುವಾಗಬೇಕು ಎಂದು ವಾದಿಸಿದ್ದಾರೆ. ಸೊನ್ನೆಯಿಂದ ಎಣಿಸಿದಾಗ ಒಂದು ವಸ್ತುವಿನ ಸಂಖ್ಯೆ ಅದಕ್ಕಿಂತ ಮೊದಲು ಎಷ್ಟು ವಸ್ತುಗಳಿವೆ ಎಂಬುದನ್ನೇ ಹೇಳುತ್ತದೆ. ಇದರ ಸೊಗಸು ನನಗೆ ಮನವರಿಕೆಯಾದದ್ದು ಮಾತ್ರೆಯ ಲೆಕ್ಕದಲ್ಲಿ. ಪ್ರತಿ ಅಕ್ಷರದ ಪಕ್ಕದಲ್ಲಿ ಅದಕ್ಕಿಂತ ಮೊದಲು ಕಳೆದ ಮಾತ್ರೆಗಳನ್ನು ಬರೆದಿಟ್ಟರೆ ಭಾಮಿನಿಯ ಸಣ್ಣ ಸಾಲಿನ ನಾಲ್ಕು ಗಣಗಳು 0, 3, 7, 10ರಲ್ಲಿ ಶುರುವಾಗಬೇಕು. ಈ ನಾಲ್ಕು ಸಂಖ್ಯೆಗಳಲ್ಲಿ ಯಾವುದಾದರೂ ತಪ್ಪಿಹೋದರೆ ಅಲ್ಲಿ ಒಂದು ಗುರು ಎರಡು ಗಣಗಳ ಗಡಿಯ ಮೇಲೆ ಕಾಲು ಚಾಚಿದೆ ಎಂದರ್ಥ. ಮೇಷ್ಟ್ರು ತೊಡೆಯ ಮೇಲೆ ತಟ್ಟುತ್ತ ಹಾಡುವಾಗ ಕೈ ಬೀಳುವುದೂ ಆ ನಾಲ್ಕು ಜಾಗಗಳಲ್ಲೇ.

ಟೈಪು ಮಾಡಿದ ಪ್ರತಿಯಲ್ಲಿ ಎಂಥ ತಪ್ಪುಗಳಿದ್ದವು ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಸಾಲು ಪುರಾಣದ್ದಲ್ಲ, ವಿವರಿಸಲೆಂದು ನಾನೇ ಕಟ್ಟಿದ್ದು. ಊರ ಕೆರೆಯಲಿ ನೀರು ತುಂಬಿದೆ. ಊರ, ಮೂರು. ಕೆರೆಯಲಿ, ನಾಲ್ಕು. ನೀರು, ಮೂರು. ತುಂಬಿದೆ, ನಾಲ್ಕು. ಹನ್ನೊಂದು ಅಕ್ಷರ, ಹದಿನಾಲ್ಕು ಮಾತ್ರೆ. ಟೈಪು ಮಾಡುವವರ ಕೈಗೆ ಇಂದಿನ ರೂಢಿ ಇರುತ್ತದೆ. ಕೆರೆಯಲಿ ಎಂದು ಕಂಡರೂ ಬೆರಳು ಕೆರೆಯಲ್ಲಿ ಎಂದೇ ಒತ್ತುತ್ತದೆ. ಅರ್ಥ ಕೆಡಲಿಲ್ಲ, ಕಾಗುಣಿತ ಕೆಡಲಿಲ್ಲ, ಸ್ಪೆಲ್‌ಚೆಕ್ಕಿಗೂ ತಕರಾರಿಲ್ಲ. ಆದರೆ ಲ್ಲಿ ಬಂದದ್ದರಿಂದ ಐದನೆಯ ಅಕ್ಷರವಾದ ಯ ಗುರುವಾಯಿತು, ಸಾಲು ಹದಿನೈದಕ್ಕೆ ಏರಿತು.

ನನ್ನ ಪ್ರೋಗ್ರಾಮು ಇದನ್ನು ಹಿಡಿಯಿತು, ಆದರೆ ಎಲ್ಲಿ ಹಿಡಿಯಿತು ಎಂಬುದು ಗಮನಿಸಬೇಕಾದ ವಿಷಯ. ಯ ಗುರುವಾದರೂ ಅದರ ಕೊನೆ ಸರಿಯಾಗಿ ಏಳನೆಯ ಮಾತ್ರೆಯಲ್ಲೇ ಬೀಳುತ್ತದೆ. ಲ್ಲಿ ಏಳರಲ್ಲಿ ಶುರುವಾಗಿ ಎಂಟಕ್ಕೆ ಮುಗಿಯುತ್ತದೆ, ನೀ ಹತ್ತಕ್ಕೆ ಮುಗಿಯುತ್ತದೆ. ಗಡಿಗಳೆಲ್ಲ ಕೂಡಿಬಂದಂತೆಯೇ ಕಾಣುತ್ತವೆ. ಕೊನೆಗೆ ತುಂಬಿದೆಯ ದೆ ಒಂದು ಹೆಚ್ಚಾಗಿ ಉಳಿಯುತ್ತದೆ. ಯಂತ್ರ ಬೆರಳು ತೋರಿಸಿದ್ದು ಹನ್ನೊಂದನೆಯ ಅಕ್ಷರಕ್ಕೆ, ತಪ್ಪು ನಡೆದದ್ದು ಐದರಲ್ಲಿ. ಮೇಷ್ಟ್ರು ಮಾತ್ರ ಸಾಲನ್ನು ಒಮ್ಮೆ ಓದಿಸಿ ಕೇಳಿದೊಡನೆ "ಯಲ್ಲಿ ಎಡವಿತು" ಎನ್ನುತ್ತಿದ್ದರು. ಪದದ ಅಂಚು ಗಣದ ಅಂಚಿನಿಂದ ಸರಿದದ್ದನ್ನು ಅವರ ಕಿವಿ ಹಿಡಿಯುತ್ತಿತ್ತು. ಆಮೇಲೆ ನಾನು ತಪ್ಪಿನ ಜಾಗವೊಂದನ್ನೇ ಕೊಡುವುದನ್ನು ಬಿಟ್ಟು, ಇಡೀ ಸಾಲನ್ನು ಅಕ್ಷರ, ಅದರ ಸಂಖ್ಯೆ, ಲಘುವಿಗೆ ಅರ್ಧಚಂದ್ರ, ಗುರುವಿಗೆ ಅಡ್ಡಗೆರೆ, ಅಲ್ಲಿಯವರೆಗಿನ ಮಾತ್ರೆ ಎಂದು ಒಂದರ ಕೆಳಗೊಂದು ಅಚ್ಚು ಮಾಡಿಕೊಡತೊಡಗಿದೆ. ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕಳಿಸಿದರೆ ಮೇಷ್ಟ್ರ ಮೊಮ್ಮಗಳು ಓದಿ ಹೇಳುತ್ತಿದ್ದಳು.

ಆದಿಪ್ರಾಸದ ಪರಿಶೀಲನೆ ಇದಕ್ಕೆ ಹೋಲಿಸಿದರೆ ಬೇಗ ಮುಗಿಯಿತು. ಕನ್ನಡದ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ. ಆರೂ ಸಾಲುಗಳ ಎರಡನೆಯ ಅಕ್ಷರ ತೆಗೆದು, ಸ್ವರ ಬಿಟ್ಟು ವ್ಯಂಜನ ಮಾತ್ರ ಹೋಲಿಸಿದರಾಯಿತು. ಮೊದಲನೆಯದು ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜ, ಸೊನ್ನೆಯಿದ್ದರೆ ವೃಷಭ ಎಂದು ಹೆಸರಿಡುವುದೂ ಆ ಮೊದಲ ಅಕ್ಷರವನ್ನು ನೋಡಿಯೇ. ಒಂದು ಪದ್ಯದಲ್ಲಿ ಐದು ಸಾಲು ಒಂದೇ ಪ್ರಾಸ ಹಿಡಿದು ಒಂದು ಮಾತ್ರ ಕೈಬಿಟ್ಟಿದ್ದರೆ ಅಲ್ಲಿ ಸಾಲು ಒಡೆದ ಜಾಗವೇ ತಪ್ಪಾಗಿದೆ ಎಂದು ಊಹಿಸಬಹುದಿತ್ತು. ಹಿಂದಿನ ಸಾಲಿನ ಬಾಲ ಇಲ್ಲಿಗೆ ಬಂದು ಕೂತಿರುತ್ತಿತ್ತು. ಪ್ರಾಸ ಪುರಾತನರು ಕಿವಿಯ ಸುಖಕ್ಕೆಂದೇ ಇಟ್ಟದ್ದಿರಬಹುದು. ಪ್ರತಿ ಮಾಡುವವರ ಕೈತಪ್ಪಿನಿಂದ ಪದ್ಯವನ್ನು ಕಾಯುವ ಕೆಲಸವನ್ನೂ ಅದು ಮಾಡುತ್ತದೆ ಎಂದು ನನಗೆ ಈಗ ಬಲವಾಗಿ ಅನ್ನಿಸುತ್ತದೆ.

ಕಣ್ಣಿಗೆ ಕಾಣದ ತೊಡಕುಗಳೂ ಇದ್ದವು. ಕೆಲವು ಪುಟಗಳು ಹಳೆಯ ಫಾಂಟಿನಲ್ಲಿದ್ದು ಯೂನಿಕೋಡಿಗೆ ಪರಿವರ್ತನೆಯಾಗಿ ಬಂದಿದ್ದವು. ಹಳೆಯ ಫಾಂಟುಗಳಲ್ಲಿ ಚಿಹ್ನೆಗಳು ಕಾಗದದ ಮೇಲೆ ಕಾಣುವ ಕ್ರಮದಲ್ಲೇ ಇರುತ್ತವೆ; ಧರ್ಮದ ಅರ್ಕಾವತ್ತು ಮ ಆದಮೇಲೆ ಬರುತ್ತದೆ. ಯೂನಿಕೋಡ್ ಉಚ್ಚಾರದ ಕ್ರಮವನ್ನು ಹಿಡಿಯುವುದರಿಂದ ರ ಮೊದಲು, ಮ ಆಮೇಲೆ. ಪರಿವರ್ತಿಸುವಾಗ ಅರ್ಕವನ್ನು ಸ್ಥಾನ ನೋಡಿ ಹಿಂದಕ್ಕೆ ತರಬೇಕು, ತರದಿದ್ದ ಕಡೆ ಪದವೇ ಬದಲಾಗಿತ್ತು. ಇನ್ನು ಕೆಲವು ಪುಟಗಳಲ್ಲಿ ಕೀ ಎಂಬುದು ಒಂದೇ ಚಿಹ್ನೆಯ ದೀರ್ಘವಾಗಿರದೆ ಗುಡಿಸು ಒಂದು, ದೀರ್ಘದ ಗುರುತು ಇನ್ನೊಂದು ಎಂದು ಬಿಡಿಬಿಡಿಯಾಗಿತ್ತು. ಪರದೆಯ ಮೇಲೆ ಎರಡೂ ಒಂದೇ. ಲೂಪು ಗುಡಿಸನ್ನು ನೋಡಿ ಲಘು ಎಂದು ಬರೆದುಬಿಡುತ್ತಿತ್ತು. ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್ನಿನಿಂದ ಮೊದಲೇ ಎಲ್ಲವನ್ನೂ ಒಂದು ರೂಪಕ್ಕೆ ತಂದ ಮೇಲೆ ಆ ಗದ್ದಲ ನಿಂತಿತು. ಕನ್ನಡ ಪಠ್ಯವನ್ನು ಯಂತ್ರದಲ್ಲಿ ಎಣಿಸುವವರು ಯಾರೇ ಆಗಲಿ ಈ ಹೆಜ್ಜೆಯನ್ನು ಬಿಡಬಾರದು.

ಇಷ್ಟೆಲ್ಲ ಆದ ಮೇಲೂ ಯಂತ್ರ ತಪ್ಪೆಂದ ಕೆಲವು ಸಾಲುಗಳು ಉಳಿದುಕೊಂಡವು. ನೋಟುಪುಸ್ತಕದ ಫೋಟೊ ತರಿಸಿ ನೋಡಿದರೆ ಅಜ್ಜನ ಕೈಬರಹದಲ್ಲೂ ಹಾಗೆಯೇ ಇದೆ. ರಜೆಯಲ್ಲಿ ಊರಿಗೆ ಹೋಗಿ ಮೇಷ್ಟ್ರ ಜಗಲಿಯಲ್ಲಿ ಕೂತು ಅವನ್ನು ಒಂದೊಂದಾಗಿ ಓದಿದೆವು. ಅವರು ಕಣ್ಣುಮುಚ್ಚಿ ಕೇಳಿ, ತಾವೇ ಇನ್ನೊಮ್ಮೆ ಹಾಡಿ, "ಇದು ಶಿಥಿಲ. ಒತ್ತು ಉಂಟು, ಆದರೆ ತೇಲಿಸಿ ಹೇಳಬೇಕು, ಹಿಂದಿನದಕ್ಕೆ ಭಾರ ಹಾಕಬಾರದು" ಎಂದರು. ಶಿಥಿಲದ್ವಿತ್ವವನ್ನು ಕೇಶಿರಾಜ ಶಬ್ದಮಣಿದರ್ಪಣದಲ್ಲಿ ವಿವರಿಸಿದ್ದಾನೆ. ಬರೆಯುವಾಗ ಒತ್ತಕ್ಷರ, ತೂಗುವಾಗ ಅಲ್ಲ. ಚಿಹ್ನೆಗಳಲ್ಲಿ ಅದಕ್ಕೆ ಗುರುತೇ ಇಲ್ಲ. ಬಾಯಿಂದ ಬಾಯಿಗೆ ಬಂದದ್ದನ್ನು ಕೇಳಿದವರೇ ಹೇಳಬೇಕು. "ಹಾಗಾದರೆ ಇದನ್ನು ತಿದ್ದೋದು ಬೇಡ್ವಾ ಸರ್?" ಎಂದು ಕೇಳಿದೆ. "ತಿದ್ದೋದಾ? ಅಜ್ಜ ಸರಿಯಾಗೇ ಬರೆದಿದ್ದಾರೆ. ನಿನ್ನ ಪಟ್ಟಿಯಲ್ಲಿ ಬರೆದುಕೋ" ಎಂದರು.

ಬರೆದುಕೊಂಡೆ. ಪ್ರೋಗ್ರಾಮಿನ ಜೊತೆಗೆ ಈಗ ಒಂದು ಸಣ್ಣ ಫೈಲು ಇದೆ. ಪ್ರತಿ ಸಾಲಿನಲ್ಲೂ ಮೂರು ಸಂಖ್ಯೆ: ಪದ್ಯ, ಸಾಲು, ಅಕ್ಷರ. ಎಲ್ಲವೂ ಒಂದರಿಂದ. ಲೂಪು ಆ ಜಾಗಕ್ಕೆ ಬಂದಾಗ ತನ್ನ ನಿಯಮವನ್ನು ಬದಿಗಿಟ್ಟು ಮೇಷ್ಟ್ರು ಹೇಳಿದ ಮಾತ್ರೆಯನ್ನೇ ಕೂಡಿಸಿಕೊಳ್ಳುತ್ತದೆ. ಪುಸ್ತಕ ಅಚ್ಚಾದಾಗ ಆ ಪಟ್ಟಿಯನ್ನು ಅನುಬಂಧವಾಗಿ ಹಾಕಬೇಕೆಂದು ಅವರು ಹಟ ಹಿಡಿದರು, ಮುಂದೆ ಓದುವವರು ಅಲ್ಲಿ ಎಡವಬಾರದೆಂದು. ಪಟ್ಟಿಯ ಮೇಲೆ ಏನು ಶೀರ್ಷಿಕೆ ಕೊಡುವುದೆಂದು ಮುದ್ರಣಾಲಯದವರು ಕೇಳಿದ್ದಕ್ಕೆ "ತೇಲಿಸಿ ಓದಬೇಕಾದ ಸ್ಥಾನಗಳು" ಎಂದು ಮೇಷ್ಟ್ರೇ ಬರೆಸಿದರು.